ಕೆರೆ ಕಟ್ಟಿಸುವ ಹಣ, ಹೂಳೆತ್ತುವ ಹಣ: ಭೂವಿಜ್ಞಾನಕ್ಕೆ ಬಂದ ದಾನದ ಕತೆ

ಎಲ್ಲಾದರೂ ಭೂಮಿ ನಡುಗಿತು ಎಂದರೆ ಮರುದಿನದ ಪತ್ರಿಕೆಯಲ್ಲಿ 'ರಿಕ್ಟರ್ ಮಾಪಕದಲ್ಲಿ ಇಷ್ಟು' ಎಂಬ ಸಾಲು ಇದ್ದೇ ಇರುತ್ತದೆ. ವಿಜ್ಞಾನಿಗಳು ಈಗ ಬೇರೆ ಲೆಕ್ಕ ಬಳಸುತ್ತಾರೆ. ಆದರೂ ಆ ಹೆಸರು ನಮ್ಮ ಬಾಯಲ್ಲಿ ಉಳಿದುಬಿಟ್ಟಿದೆ. ಚಾರ್ಲ್ಸ್ ರಿಕ್ಟರ್ ತಮ್ಮ ಮಾಪಕವನ್ನು ಪ್ರಕಟಿಸಿದ್ದು 1935ರಲ್ಲಿ, ಕ್ಯಾಲಿಫೋರ್ನಿಯಾದ ಪ್ಯಾಸಡೀನಾದಲ್ಲಿದ್ದ ಭೂಕಂಪ ಪ್ರಯೋಗಾಲಯದಿಂದ. 1927ರಲ್ಲಿ ಅವರನ್ನು ಅಲ್ಲಿ ಕೆಲಸಕ್ಕೆ ಸೇರಿಸಿಕೊಂಡಿದ್ದು ಸರ್ಕಾರವಲ್ಲ. ಉಕ್ಕಿನ ಉದ್ಯಮಿ ಆಂಡ್ರ್ಯೂ ಕಾರ್ನೆಗಿ 1902ರಲ್ಲಿ ಒಂದು ಕೋಟಿ ಡಾಲರ್ ದತ್ತಿ ಇಟ್ಟು ಕಟ್ಟಿದ ಕಾರ್ನೆಗಿ ಸಂಸ್ಥೆ ಅವರ ಸಂಬಳ ಕೊಡುತ್ತಿತ್ತು. ಅಂದರೆ ನಮ್ಮೂರಿನ ಪತ್ರಿಕೆಯ ಆ ಸಾಲಿನ ಹಿಂದೆ ಯಾರದೋ ದಾನದ ಹಣವಿದೆ.

ಭೂವಿಜ್ಞಾನದಲ್ಲಿ ಇಂಥ ಕತೆಗಳು ಬೇಕಾದಷ್ಟಿವೆ. ಯಾರು ಎಷ್ಟು ಕೊಟ್ಟರು ಎಂಬುದಕ್ಕಿಂತ ಆ ಹಣ ಯಾವ ಕೆಲಸಕ್ಕೆ ಹೋಯಿತು, ಎಷ್ಟು ವರ್ಷ ಬಾಳಿತು ಎಂದು ನೋಡಿದರೆ ನನಗೆ ಹೆಚ್ಚು ತಿಳಿಯುತ್ತದೆ. ಎಲ್ಲಕ್ಕಿಂತ ಚೆನ್ನಾಗಿ ಅದನ್ನು ತೋರಿಸುವುದು ನ್ಯೂಯಾರ್ಕ್ ಪಕ್ಕದ ಒಂದು ಬಂಗಲೆ.

ಥಾಮಸ್ ಲಮಾಂಟ್ ಜೆ.ಪಿ. ಮಾರ್ಗನ್ ಬ್ಯಾಂಕಿನ ದೊಡ್ಡ ತಲೆ. ಹಡ್ಸನ್ ನದಿಯ ದಂಡೆಯ ಬಂಡೆಗಳ ಮೇಲೆ, ಪ್ಯಾಲಿಸೇಡ್ಸ್ ಎಂಬಲ್ಲಿ, ಅವರಿಗೆ ತೋಟದ ನಡುವೆ ಒಂದು ದೊಡ್ಡ ಮನೆಯಿತ್ತು. 1948ರಲ್ಲಿ ಅವರು ತೀರಿಕೊಂಡರು. ಪತ್ನಿ ಫ್ಲಾರೆನ್ಸ್ ಅದೇ ವರ್ಷದ ಕೊನೆಗೆ ಮನೆ, ತೋಟ ಎಲ್ಲವನ್ನೂ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಕೊಟ್ಟುಬಿಟ್ಟರು. ಆಗ ಅಲ್ಲಿ ಮಾರಿಸ್ ಯೂಯಿಂಗ್ ಎಂಬ ಭೂಭೌತ ವಿಜ್ಞಾನಿ ಇದ್ದರು. ಬೇರೆ ಕಡೆಯಿಂದಲೂ ಅವರಿಗೆ ಕರೆ ಬಂದಿತ್ತು. ಅವರನ್ನು ಉಳಿಸಿಕೊಳ್ಳಲು ವಿಶ್ವವಿದ್ಯಾಲಯ ಈ ಮನೆಯನ್ನೇ ಮುಂದಿಟ್ಟಿತು. 1949ರಲ್ಲಿ ಲಮಾಂಟ್ ಭೂವಿಜ್ಞಾನ ವೀಕ್ಷಣಾಲಯ ಎಂಬ ಹೆಸರಿನಲ್ಲಿ ಕೆಲಸ ಶುರುವಾಯಿತು. ಬ್ಯಾಂಕರನ ಮನೆಯ ಅಡುಗೆಮನೆ ರಸಾಯನ ಪ್ರಯೋಗಾಲಯವಾಯಿತು. ಸಾರು ಕುದಿಯುತ್ತಿದ್ದ ಜಾಗದಲ್ಲಿ ಕಲ್ಲು, ಕೆಸರಿನ ವಯಸ್ಸು ಲೆಕ್ಕ ಹಾಕತೊಡಗಿದರು.

1953ರಲ್ಲಿ ಅವರಿಗೆ ಒಂದು ಹಡಗು ಸಿಕ್ಕಿತು. ಹೆಸರು ವೀಮಾ. 1923ರಲ್ಲಿ ಒಬ್ಬ ಶ್ರೀಮಂತನ ಮೋಜಿಗಾಗಿ ಕಟ್ಟಿದ, ಮೂರು ಕೂವೆಮರದ ಹಾಯಿಹಡಗು ಅದು. ಮುಂದೆ 1981ರವರೆಗೆ ಅದು ಹತ್ತು ಲಕ್ಷ ಮೈಲಿಗೂ ಜಾಸ್ತಿ ಸಮುದ್ರ ಸುತ್ತಿತು. ಯೂಯಿಂಗ್ ಅವರದು ಒಂದೇ ಕಟ್ಟಪ್ಪಣೆ. ಹಡಗು ಎಲ್ಲೇ ಇರಲಿ, ದಿನಕ್ಕೊಮ್ಮೆ ನಿಲ್ಲಬೇಕು. ಉದ್ದದ ಉಕ್ಕಿನ ಕೊಳವೆಯನ್ನು ಸಮುದ್ರದ ತಳಕ್ಕೆ ಇಳಿಸಿ ಅಲ್ಲಿನ ಕೆಸರನ್ನು ಪದರ ಕದಡದ ಹಾಗೆ ಮೇಲೆತ್ತಬೇಕು. ಇದಕ್ಕೆ ಕೋರ್ ತೆಗೆಯುವುದು ಎನ್ನುತ್ತಾರೆ. ಯಾಕೆ ತೆಗೆಯಬೇಕು, ಯಾವ ಪ್ರಶ್ನೆಗೆ ಉತ್ತರ ಬೇಕು ಎಂದು ಅವರು ಕಾಯಲಿಲ್ಲ. ತೆಗೆದು ಹೆಸರು ಬರೆದು ಜೋಡಿಸಿಟ್ಟರು. ಹೀಗೆ ಸಾವಿರಾರು ಕೋರ್‌ಗಳು ಆ ತೋಟಕ್ಕೆ ಬಂದು ಸೇರಿದವು.

ಆ ಮನೆಯಲ್ಲೇ ಮೇರಿ ಥಾರ್ಪ್ ಎಂಬ ಭೂವಿಜ್ಞಾನಿ ಕೂತು ನಕ್ಷೆ ಬರೆದರು. ಹೆಂಗಸರನ್ನು ಹಡಗಿಗೆ ಹತ್ತಿಸದ ಕಾಲ. ಹಡಗಿನಿಂದ ಬಂದ ಆಳದ ಅಂಕಿಗಳನ್ನು ಇಟ್ಟುಕೊಂಡು ಅವರು ಅಟ್ಲಾಂಟಿಕ್ ಸಮುದ್ರದ ತಳವನ್ನು ಗೆರೆ ಗೆರೆಯಾಗಿ ಬಿಡಿಸಿದರು. ನಡು ಸಮುದ್ರದ ಬೆಟ್ಟಸಾಲಿನ ನೆತ್ತಿಯಲ್ಲಿ ಉದ್ದಕ್ಕೂ ಒಂದು ಬಿರುಕು ಕಣಿವೆ ಇದೆ ಎಂದು ಅವರಿಗೆ ಕಂಡಿತು. ಜೊತೆಗಿದ್ದ ಬ್ರೂಸ್ ಹೀಜನ್ ಅದನ್ನು ಮೊದಲು 'ಹುಡುಗಿಯರ ಮಾತು' ಎಂದು ತಳ್ಳಿಹಾಕಿದರು. ಆಮೇಲೆ ಅದೇ ಅಳತೆಯಲ್ಲಿ ಗುರುತಿಸಿದ ಭೂಕಂಪದ ನೆಲೆಗಳನ್ನು ಪಕ್ಕಕ್ಕಿಟ್ಟು ನೋಡಿದರೆ ಅವು ಆ ಕಣಿವೆಯ ಮೇಲೇ ಸಾಲಾಗಿ ಕೂತಿದ್ದವು! ಖಂಡಗಳು ಸರಿಯುತ್ತವೆ ಎಂಬ ಮಾತನ್ನು ಜಗತ್ತು ಒಪ್ಪಿಕೊಳ್ಳಲು ಆ ಕಣಿವೆ ದೊಡ್ಡ ಸಾಕ್ಷಿಯಾಯಿತು.

ಕೋರ್‌ಗಳ ಕತೆ ನನಗೆ ಇನ್ನೂ ಇಷ್ಟ. 1976ರಲ್ಲಿ ಜೇಮ್ಸ್ ಹೇಸ್, ಜಾನ್ ಇಂಬ್ರಿ, ನಿಕೊಲಸ್ ಶಾಕಲ್ಟನ್ ಮೂವರು ಸೇರಿ ಒಂದು ಪ್ರಬಂಧ ಪ್ರಕಟಿಸಿದರು. ಭೂಮಿಯ ಕಕ್ಷೆ ಮತ್ತು ವಾಲಿಕೆ ನಿಧಾನವಾಗಿ ಬದಲಾಗುವುದಕ್ಕೂ ಹಿಮಯುಗಗಳು ಬಂದು ಹೋಗುವುದಕ್ಕೂ ನಂಟಿದೆ ಎಂದು ಅವರು ತೋರಿಸಿದರು. ಸುಮಾರು ಒಂದು ಲಕ್ಷ, 42 ಸಾವಿರ, 23 ಸಾವಿರ ವರ್ಷಗಳ ತಾಳ ಆ ಕೆಸರಿನಲ್ಲಿ ಕೇಳಿಸಿತ್ತು. ಅವರು ಬಳಸಿದ ಕೋರ್‌ಗಳು ಬಂದಿದ್ದು ನಮ್ಮ ಹಿಂದೂ ಮಹಾಸಾಗರದ ದಕ್ಷಿಣ ಭಾಗದಿಂದ. ಅದರಲ್ಲಿ ಮುಖ್ಯವಾದ ಒಂದನ್ನು ಲಮಾಂಟ್‌ನವರ ಇನ್ನೊಂದು ಹಡಗು ಎಷ್ಟೋ ವರ್ಷ ಮೊದಲೇ ಎತ್ತಿ ತಂದಿತ್ತು. ಪ್ರಶ್ನೆ ಹುಟ್ಟುವ ಮೊದಲೇ ಉತ್ತರ ಕಪಾಟಿನಲ್ಲಿ ಕೂತಿತ್ತು. ಕಪಾಟನ್ನು ಯಾರೋ ಜೋಪಾನ ಮಾಡಿದ್ದರು, ಅಷ್ಟೇ.

ಫ್ಲಾರೆನ್ಸ್ ಲಮಾಂಟ್ ಮನೆ ಕೊಟ್ಟರು, ನಿಜ. ಆದರೆ ದಿನದಿನದ ಖರ್ಚಿಗೆ, ಹಡಗಿನ ಎಣ್ಣೆಗೆ, ಸಂಬಳಕ್ಕೆ ಬಂದ ಹಣದಲ್ಲಿ ಹೆಚ್ಚಿನ ಪಾಲು ಅಮೆರಿಕದ ನೌಕಾಪಡೆಯದು, ಆಮೇಲೆ ಅಲ್ಲಿನ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನದ್ದು. 1969ರಲ್ಲಿ ಹೆನ್ರಿ ಮತ್ತು ಗ್ರೇಸ್ ಡೊಹರ್ಟಿ ಹೆಸರಿನ ದತ್ತಿಸಂಸ್ಥೆ ದೊಡ್ಡ ಮೊತ್ತ ಕೊಟ್ಟಿತು. ಅಂದಿನಿಂದ ಆ ವೀಕ್ಷಣಾಲಯದ ಹೆಸರು ಲಮಾಂಟ್-ಡೊಹರ್ಟಿ. ದಾನ ಬಾಗಿಲು ತೆರೆಯಿತು. ಸರ್ಕಾರ ಒಲೆ ಉರಿಸಿತು. ಒಂದನ್ನು ಬಿಟ್ಟು ಇನ್ನೊಂದನ್ನೇ ಹೊಗಳಿದರೆ ಲೆಕ್ಕ ತಪ್ಪುತ್ತದೆ.

ಈಗ ಹವಾಯಿಗೆ ಹೋಗೋಣ. ಮೌನಾ ಲೋವಾ ಎಂಬ ಜ್ವಾಲಾಮುಖಿ ಬೆಟ್ಟದ ಮೇಲೆ 1958ರ ಮಾರ್ಚ್‌ನಲ್ಲಿ ಚಾರ್ಲ್ಸ್ ಡೇವಿಡ್ ಕೀಲಿಂಗ್ ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡನ್ನು ಅಳೆಯಲು ಶುರುಮಾಡಿದರು. ಮೊದಲ ಅಳತೆ ಹತ್ತು ಲಕ್ಷ ಭಾಗಕ್ಕೆ 313 ಭಾಗ. ಅವರು ಕೆಲಸ ಮಾಡುತ್ತಿದ್ದ ಸ್ಕ್ರಿಪ್ಸ್ ಸಾಗರವಿಜ್ಞಾನ ಸಂಸ್ಥೆಯೂ ಮೂಲದಲ್ಲಿ ದಾನದ ಕೂಸೇ. ಎಲೆನ್ ಬ್ರೌನಿಂಗ್ ಸ್ಕ್ರಿಪ್ಸ್ ಮತ್ತು ಅವರ ತಮ್ಮನ ಪತ್ರಿಕಾ ಉದ್ಯಮದ ಹಣದಿಂದ ಅದು ಬೆಳೆದದ್ದು.

ಕೀಲಿಂಗ್ ಮಾಡಿದ್ದು ನೋಡಲು ಬಹಳ ಸಪ್ಪೆ ಕೆಲಸ. ಇವತ್ತು ಅಳೆಯುವುದು, ನಾಳೆ ಅಳೆಯುವುದು, ನಾಡಿದ್ದು ಮತ್ತೆ ಅಳೆಯುವುದು. ಹಣ ಕೊಡುವವರಿಗೆ ಇದು ಸಂಶೋಧನೆಯ ಹಾಗೆ ಕಾಣಲಿಲ್ಲ. ದಿನಚರಿ ಕೆಲಸಕ್ಕೆ ವಿಜ್ಞಾನದ ಹಣ ಯಾಕೆ ಎಂಬ ಮಾತು ಅವರ ಜೀವಮಾನವಿಡೀ ಬೆನ್ನು ಬಿಡಲಿಲ್ಲ. 1964ರಲ್ಲಿ ಸರ್ಕಾರದ ಹಣ ಕಡಿತವಾಗಿ ಕೆಲವು ತಿಂಗಳು ಅಳತೆಯೇ ನಿಂತಿತು. ಕೀಲಿಂಗ್ ಗೆರೆ ಎಂದು ಜಗತ್ತೆಲ್ಲ ಕರೆಯುವ ಆ ನಕ್ಷೆಯಲ್ಲಿ ಇವತ್ತಿಗೂ ಅಲ್ಲಿ ಒಂದು ಖಾಲಿ ಜಾಗ ಇದೆ. ಆ ತಿಂಗಳುಗಳ ಗಾಳಿಯನ್ನು ಇನ್ನು ಯಾರೂ ಅಳೆಯಲಾರರು. ಬೇರೆ ವಿಜ್ಞಾನದಲ್ಲಿ ಪ್ರಯೋಗ ಕೆಟ್ಟರೆ ಮತ್ತೆ ಮಾಡಬಹುದು. ಭೂಮಿಯ ವಿಷಯದಲ್ಲಿ ಹೋದ ದಿನ ಹೋಯಿತು.

ಕೀಲಿಂಗ್ 2005ರಲ್ಲಿ ತೀರಿಕೊಂಡ ಮೇಲೆ ಮಗ ರಾಲ್ಫ್ ಕೀಲಿಂಗ್ ಆ ಕೆಲಸ ಮುಂದುವರಿಸಿದರು. 2013ರ ಮೇ ತಿಂಗಳಲ್ಲಿ ಅಳತೆ ಮೊದಲ ಸಲ 400 ದಾಟಿತು. ಜಗತ್ತಿನ ಪತ್ರಿಕೆಗಳೆಲ್ಲ ಮುಖಪುಟದಲ್ಲಿ ಬರೆದವು. ಅದೇ ವರ್ಷ ರಾಲ್ಫ್ ಸಾರ್ವಜನಿಕರ ಮುಂದೆ ಕೈಚಾಚಬೇಕಾಯಿತು. ಜಗತ್ತಿನ ಅತಿ ಹೆಸರಾಂತ ಹವಾಮಾನ ದಾಖಲೆಗೆ ಖರ್ಚಿಗೆ ದುಡ್ಡಿಲ್ಲ! ಜನ ಕೈಲಾದಷ್ಟು ಕೊಟ್ಟರು. 2014ರಲ್ಲಿ ಗೂಗಲ್‌ನ ಮುಖ್ಯಸ್ಥರಾಗಿದ್ದ ಎರಿಕ್ ಶ್ಮಿಟ್ ಮತ್ತು ಪತ್ನಿ ವೆಂಡಿ ಅವರ ಕಡೆಯಿಂದ ಐದು ಲಕ್ಷ ಡಾಲರ್ ಬಂತು. ಅವರ ಶ್ರೀಮಂತಿಕೆಗೆ ಅದು ದೊಡ್ಡ ಮೊತ್ತವೇನಲ್ಲ. ಆದರೆ ಸರಪಳಿ ತುಂಡಾಗಲಿಲ್ಲ. 2022ರ ಕೊನೆಯಲ್ಲಿ ಮೌನಾ ಲೋವಾ ಸಿಡಿದು ಲಾವಾ ಹರಿದು ರಸ್ತೆ, ಕರೆಂಟು ಎರಡೂ ಹೋದಾಗ ಎದುರಿನ ಮೌನಾ ಕೇಯಾ ಬೆಟ್ಟದಲ್ಲಿ ಉಪಕರಣ ಹೂಡಿ ಅಳತೆ ಮುಂದುವರಿಸಿದರು. 2025ರ ಮೇ ತಿಂಗಳ ಸರಾಸರಿ 430 ದಾಟಿದೆ.

ಅದೇ 2025ರಲ್ಲಿ ಅಮೆರಿಕ ಸರ್ಕಾರ ಮಂಡಿಸಿದ ಮುಂದಿನ ವರ್ಷದ ಬಜೆಟ್ ಪ್ರಸ್ತಾವದಲ್ಲಿ ಮೌನಾ ಲೋವಾದ ಸರ್ಕಾರಿ ವೀಕ್ಷಣಾಲಯಕ್ಕೆ ಹಣವೇ ಇರಲಿಲ್ಲ. ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನದ ಹಣವನ್ನು ಅರ್ಧಕ್ಕಿಂತ ಹೆಚ್ಚು ಕಡಿತ ಮಾಡುವ ಮಾತಿತ್ತು. ಪ್ರಸ್ತಾವ ಕಾನೂನಲ್ಲ, ಸಂಸತ್ತು ಒಪ್ಪಬೇಕು. ಆದರೂ ಆಗ ಎಲ್ಲ ಕಡೆ ಎದ್ದ ಪ್ರಶ್ನೆ ಒಂದೇ. ಸರ್ಕಾರ ಕೈಬಿಟ್ಟರೆ ದಾನಿಗಳು ಈ ಭಾರ ಹೊರುತ್ತಾರಾ?

ಲೆಕ್ಕ ಹಾಕಿದರೆ ಹೊರಲಾರರು ಅನ್ನುವುದು ಸ್ಪಷ್ಟ. 2022ರಲ್ಲಿ ಹೂಡಿಕೆದಾರ ಜಾನ್ ಡೋರ್ ಮತ್ತು ಪತ್ನಿ ಆನ್ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯಕ್ಕೆ 110 ಕೋಟಿ ಡಾಲರ್ ಕೊಟ್ಟರು. ಅಲ್ಲಿನ ಭೂವಿಜ್ಞಾನ ಶಾಲೆಯನ್ನೂ ಒಳಗೊಂಡು ಒಂದು ಹೊಸ ಶಾಲೆಯೇ ಎದ್ದಿತು. ಇಷ್ಟು ದೊಡ್ಡ ಕೊಡುಗೆ ತಲೆಮಾರಿಗೊಮ್ಮೆ ಕಾಣಸಿಗುತ್ತದೆ. ಆ ವಿಜ್ಞಾನ ಪ್ರತಿಷ್ಠಾನ ಒಂದೇ ವರ್ಷದಲ್ಲಿ ಖರ್ಚು ಮಾಡುವುದು ಸುಮಾರು 900 ಕೋಟಿ ಡಾಲರ್, ಅದೂ ಪ್ರತಿವರ್ಷ. ಅಂತರ ಅಷ್ಟಿದೆ. ದಾನ ಸರ್ಕಾರದ ಜಾಗದಲ್ಲಿ ನಿಲ್ಲಲಾರದು.

ಹಾಗಾದರೆ ದಾನ ಯಾವುದಕ್ಕೆ ಒದಗುತ್ತದೆ? ಒಂದು, ಸರ್ಕಾರ ಹೆಜ್ಜೆ ಇಡಲು ಹಿಂಜರಿಯುವ ಕಡೆ ಮೊದಲ ಹೆಜ್ಜೆ ಇಡುವುದಕ್ಕೆ. ಅಮೆರಿಕದ ಪಶ್ಚಿಮ ಕರಾವಳಿಯಲ್ಲಿ ಈಗ ಭೂಮಿ ಜೋರಾಗಿ ನಡುಗುವ ಕೆಲವು ಸೆಕೆಂಡ್ ಮೊದಲೇ ಜನರ ಫೋನಿಗೆ ಎಚ್ಚರಿಕೆ ಹೋಗುತ್ತದೆ. ಆ ವ್ಯವಸ್ಥೆಯ ಹೆಸರು ಶೇಕ್‌ಅಲರ್ಟ್. 2011ರಲ್ಲಿ ಗಾರ್ಡನ್ ಮತ್ತು ಬೆಟ್ಟಿ ಮೂರ್ ಪ್ರತಿಷ್ಠಾನ ಮೂರು ವಿಶ್ವವಿದ್ಯಾಲಯಗಳಿಗೆ ಹಣ ಕೊಟ್ಟು ಅದನ್ನು ಬೆಳೆಸಿತು. ಇದು ಆಗುವ ಕೆಲಸ ಎಂದು ಗೊತ್ತಾದ ಮೇಲೆ ಸರ್ಕಾರಗಳೂ ಹೆಚ್ಚು ಹಣ ಹಾಕಿದವು. 2019ರಲ್ಲಿ ಕ್ಯಾಲಿಫೋರ್ನಿಯಾದ ಜನರಿಗೆ, 2021ರಲ್ಲಿ ಆರೆಗನ್ ಮತ್ತು ವಾಷಿಂಗ್ಟನ್ ರಾಜ್ಯದವರಿಗೆ ಎಚ್ಚರಿಕೆ ಸಿಗತೊಡಗಿತು.

ಮೊದಲ ಹೆಜ್ಜೆ ಜಾರುವುದೂ ಉಂಟು. ಎಣ್ಣೆಬಾವಿ, ಅನಿಲದ ಕೊಳವೆಗಳಿಂದ ಸೋರುವ ಮೀಥೇನನ್ನು ಆಕಾಶದಿಂದ ಪತ್ತೆ ಮಾಡಲು ಒಂದು ಪರಿಸರ ಸಂಸ್ಥೆ ಹೆಚ್ಚಾಗಿ ದಾನಿಗಳ ಹಣದಿಂದ ಮೀಥೇನ್‌ಸ್ಯಾಟ್ ಎಂಬ ಉಪಗ್ರಹ ಕಟ್ಟಿತು. 2024ರ ಮಾರ್ಚ್‌ನಲ್ಲಿ ಅದು ಹಾರಿತು. 2025ರ ಜೂನ್‌ನಲ್ಲಿ ಸಂಪರ್ಕ ಕಡಿದುಹೋಯಿತು. ಅಲ್ಲಿಯವರೆಗೆ ಸಿಕ್ಕ ಮಾಹಿತಿ ಮಾತ್ರ ಉಳಿಯಿತು. ಈ ಹಣ ವ್ಯರ್ಥ ಎಂದು ನಾನು ಹೇಳಲಾರೆ. ಆದರೆ ಸರ್ಕಾರಿ ಬಾಹ್ಯಾಕಾಶ ಸಂಸ್ಥೆಯ ಒಂದು ಉಪಗ್ರಹ ಕೆಟ್ಟರೆ ಅದರ ಹಿಂದೆ ಇನ್ನೊಂದು ಸಾಲಿನಲ್ಲಿ ಇರುವುದುಂಟು. ದಾನದ ಉಪಗ್ರಹಕ್ಕೆ ಆ ಭರವಸೆ ಇಲ್ಲ.

ಇನ್ನೊಂದು, ಯಾವ ದೇಶಕ್ಕೂ ಪೂರ್ತಿ ಸೇರದ ಕೆಲಸ. ಸಮುದ್ರದ ತಳದ ನಕ್ಷೆ ಅಂಥದ್ದು. ಮೇರಿ ಥಾರ್ಪ್ ನಕ್ಷೆಗೆ ಇಷ್ಟು ವರ್ಷವಾದರೂ ಸಮುದ್ರತಳದ ಬಹುಪಾಲು ಇನ್ನೂ ಸರಿಯಾಗಿ ಅಳೆದಿಲ್ಲ. ಜಪಾನಿನ ನಿಪ್ಪಾನ್ ಪ್ರತಿಷ್ಠಾನದ ಹಣದಿಂದ 2017ರಲ್ಲಿ ಸೀಬೆಡ್ 2030 ಯೋಜನೆ ಶುರುವಾದಾಗ ಅಳೆದಿದ್ದು ಶೇ 6ರಷ್ಟು ಮಾತ್ರ. 2025ರ ಹೊತ್ತಿಗೆ ಅದು ಶೇ 27ಕ್ಕೆ ಬಂದಿದೆ. ಶ್ಮಿಟ್ ದಂಪತಿಯ ಸಾಗರ ಸಂಸ್ಥೆ ವಿಜ್ಞಾನಿಗಳಿಗೆ ತನ್ನ ಹಡಗನ್ನು ಬಿಟ್ಟಿಯಾಗಿ ಕೊಡುತ್ತದೆ. ಒಂದೇ ಷರತ್ತು, ಸಿಕ್ಕ ಮಾಹಿತಿ ಎಲ್ಲರಿಗೂ ತೆರೆದಿರಬೇಕು. ದಾನಿಗಳು ಹಾಕುವ ಷರತ್ತುಗಳಲ್ಲಿ ಇದಕ್ಕಿಂತ ಒಳ್ಳೆಯದನ್ನು ನಾನು ಕಂಡಿಲ್ಲ.

ಎಲ್ಲ ಷರತ್ತೂ ಹೀಗಿರುವುದಿಲ್ಲ. ಭೂವಿಜ್ಞಾನಕ್ಕೆ ಬಂದ ದತ್ತಿಯಲ್ಲಿ ಎಣ್ಣೆ ಮತ್ತು ಗಣಿಯ ಹಣ ಬಹಳ. ಡೊಹರ್ಟಿ ಎಣ್ಣೆ, ಅನಿಲದ ಉದ್ಯಮಿ. ಅಮೆರಿಕದ ಭೂವಿಜ್ಞಾನ ಸಂಘಕ್ಕೆ 1931ರಲ್ಲಿ ಸುಮಾರು 40 ಲಕ್ಷ ಡಾಲರ್ ಬರೆದಿಟ್ಟು ಹೋದ ಪೆನ್‌ರೋಸ್ ತಾಮ್ರದ ಗಣಿಯಲ್ಲಿ ಗಳಿಸಿದವರು. ಸ್ಟ್ಯಾನ್‌ಫರ್ಡ್‌ನ ಹೊಸ ಶಾಲೆಯ ಡೀನ್ ಅರುಣ್ ಮಜುಂದಾರ್ ಎಣ್ಣೆ ಕಂಪನಿಗಳ ಹಣವನ್ನೂ ತೆಗೆದುಕೊಳ್ಳಬಹುದು ಎಂದಾಗ ಅಲ್ಲಿನ ವಿದ್ಯಾರ್ಥಿಗಳು, ಅಧ್ಯಾಪಕರಲ್ಲಿ ಹಲವರು ವಿರೋಧಿಸಿದರು. ಸತ್ತವರ ಹಣಕ್ಕೂ ಬದುಕಿರುವ ಕಂಪನಿಯ ಹಣಕ್ಕೂ ವ್ಯತ್ಯಾಸವಿದೆ ಎಂದು ನನಗನಿಸುತ್ತದೆ. ಪೆನ್‌ರೋಸ್ ಇವತ್ತು ಫೋನ್ ಮಾಡಿ ಇದನ್ನು ಬರೆಯಬೇಡಿ ಎನ್ನಲಾರರು. ನಾಳೆ ಮತ್ತೆ ಹಣ ಕೊಡಬೇಕಾದ ಕಂಪನಿ ಏನೂ ಹೇಳದಿದ್ದರೂ ಬರೆಯುವವರ ಕೈ ತಾನಾಗಿ ತಡೆಯುತ್ತದೆ.

ಈಗ ನಮ್ಮ ಕಡೆಯ ವಿಷಯ. ಕರ್ನಾಟಕದ ಹಳೆಯ ಶಾಸನಗಳಲ್ಲಿ ಬಿತ್ತುವಟ್ಟ ಎಂಬ ಮಾತು ಬರುತ್ತದೆ. ಕೆರೆ ಕಟ್ಟಿಸಿದರೆ ಸಾಲದು, ಪ್ರತಿವರ್ಷ ಅದನ್ನು ನೋಡಿಕೊಳ್ಳಬೇಕು ಎಂದು ಕೆರೆಯ ಕೆಳಗಿನ ಗದ್ದೆಗಳ ಹುಟ್ಟುವಳಿಯಲ್ಲಿ ಒಂದು ಪಾಲನ್ನು ತೆಗೆದಿಡುತ್ತಿದ್ದ ಏರ್ಪಾಡು ಅದು. ಹೂಳು ಹೊರುವ ಬಂಡಿಗೂ ದತ್ತಿ ಬಿಟ್ಟ ಶಾಸನಗಳಿವೆ. ಹೂಳು ಎತ್ತುವುದರಲ್ಲಿ ಯಾವ ಮೆರುಗೂ ಇಲ್ಲ, ಅಲ್ವಾ? ಆದರೂ ಆ ಜನಕ್ಕೆ ಅದರ ಬೆಲೆ ಗೊತ್ತಿತ್ತು. ಕೀಲಿಂಗ್ ಅವರಿಗೆ ಬೇಕಾಗಿದ್ದೂ, ಕೋರ್‌ಗಳ ಕಪಾಟಿಗೆ ಬೇಕಾಗಿದ್ದೂ ಇಂಥ ಬಿತ್ತುವಟ್ಟದ ಹಣವೇ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಹುಟ್ಟಿದ್ದು ಹೀಗೆ. ಜೆಮ್‌ಶೆಡ್‌ಜಿ ಟಾಟಾ ಮುಂಬೈಯಲ್ಲಿದ್ದ ಆಸ್ತಿಗಳನ್ನು ಅದಕ್ಕಾಗಿ ಬಿಟ್ಟುಕೊಟ್ಟರು. ಆ ಆಸ್ತಿಯಿಂದ ಪ್ರತಿವರ್ಷ ಬರುವ ಆದಾಯ ಸಂಸ್ಥೆಯನ್ನು ಸಾಕಬೇಕು ಎಂಬುದು ಲೆಕ್ಕ. ಮೈಸೂರಿನ ಮಹಾರಾಣಿ ಕೆಂಪನಂಜಮ್ಮಣ್ಣಿಯವರ ಆಸಕ್ತಿಯಿಂದ 371 ಎಕರೆ ಜಾಗ ಸಿಕ್ಕಿತು. ಸುಮಾರು ನೂರು ವರ್ಷದ ನಂತರ, 2009ರಲ್ಲಿ, ಅದೇ ಆವರಣದಲ್ಲಿ ದಿವೇಚಾ ಹವಾಮಾನ ಬದಲಾವಣೆ ಕೇಂದ್ರ ಶುರುವಾಯಿತು. ಅರ್ಜುನ್ ಮತ್ತು ಡಯಾನಾ ದಿವೇಚಾ ದಂಪತಿ ಹಾಗೂ ಗ್ರ್ಯಾಂಥಮ್ ಪ್ರತಿಷ್ಠಾನದ ನೆರವು ಅದರ ಹಿಂದಿದೆ. ಮುಂಗಾರು ಮಳೆ, ಹಿಮಾಲಯದ ಹಿಮನದಿಗಳ ಕರಗುವಿಕೆ ಅಲ್ಲಿನ ಮುಖ್ಯ ಕೆಲಸಗಳು.

ಈಗ ಕೇಂದ್ರ ಸರ್ಕಾರವೂ ದಾನದ ಮೇಲೆ ದೊಡ್ಡ ಭರವಸೆ ಇಟ್ಟಿದೆ. 2023ರ ಕಾನೂನಿನಿಂದ ಬಂದ ಅನುಸಂಧಾನ್ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನ ಐದು ವರ್ಷದಲ್ಲಿ 50,000 ಕೋಟಿ ರೂಪಾಯಿ ಕೂಡಿಸಬೇಕು, ಅದರಲ್ಲಿ ಸುಮಾರು 36,000 ಕೋಟಿ ಉದ್ಯಮ ಮತ್ತು ದಾನಿಗಳಿಂದ ಬರಬೇಕು ಎಂಬುದು ಆಗಿನ ಅಂದಾಜು. ನಮ್ಮಲ್ಲಿ ಕಂಪನಿಗಳ ದಾನ ಎಂದರೆ ಹೆಚ್ಚಾಗಿ ಸಿಎಸ್ಆರ್ ಹಣ. ಲಾಭದ ಶೇ 2ನ್ನು ಸಮಾಜಕ್ಕೆ ಖರ್ಚು ಮಾಡಬೇಕು ಎಂಬ ನಿಯಮದ್ದು. ಅದನ್ನು ಸರ್ಕಾರಿ ವಿಶ್ವವಿದ್ಯಾಲಯಗಳ ಸಂಶೋಧನೆಗೂ ಕೊಡಬಹುದು. ಒಳ್ಳೆಯದೇ. ಆದರೆ ತೊಡಕು ಬೇರೆ ಕಡೆ ಇದೆ. ಸಿಎಸ್ಆರ್ ಯೋಜನೆ ಶುರುವಾದ ವರ್ಷ ಬಿಟ್ಟು ಮೂರು ವರ್ಷದೊಳಗೆ ಮುಗಿಯಬೇಕು. 2021ರ ತಿದ್ದುಪಡಿಯ ನಂತರ ಯಾವ ಸಂಸ್ಥೆಯ ಮೂಲಧನಕ್ಕೂ, ಅಂದರೆ ದತ್ತಿನಿಧಿಗೂ, ಆ ಹಣ ಹಾಕುವಂತಿಲ್ಲ. ಹಣ ಎಲ್ಲೋ ಕೂತು ಕೊಳೆಯಬಾರದು ಎಂಬ ಉದ್ದೇಶ ಅರ್ಥವಾಗುತ್ತದೆ. ಆದರೆ ಭೂವಿಜ್ಞಾನದ ಮಟ್ಟಿಗೆ ಬಿತ್ತುವಟ್ಟದ ಬಾಗಿಲೇ ಮುಚ್ಚಿದ ಹಾಗಾಯಿತು. ನಾಲ್ಕು ವರ್ಷದಲ್ಲಿ ಉಪಕರಣ ಕೊಳ್ಳಬಹುದು, ಕಟ್ಟಡ ಎಬ್ಬಿಸಬಹುದು, ಫಲಕ ಹಾಕಬಹುದು. ಮೂವತ್ತು ವರ್ಷ ಅಂತರ್ಜಲ ಅಳೆಯಲು ಆಗುವುದಿಲ್ಲ. ಸಂಶೋಧನಾ ದತ್ತಿನಿಧಿಗೆ ಮಾತ್ರವಾದರೂ ಈ ನಿಯಮ ಸಡಿಲಿಸಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಸಣ್ಣ ಹಣವೂ ಬೇಕು. ಭೂವಿಜ್ಞಾನ ಕ್ಲಾಸ್‌ರೂಮಿನಲ್ಲಿ ಅರ್ಧ ಮಾತ್ರ ಕಲಿಯುವ ವಿಷಯ. ಚಿತ್ರದುರ್ಗದ ಕಲ್ಲು, ಸಂಡೂರಿನ ಅದಿರು, ಮಲ್ಪೆಯ ಎದುರಿನ ಸೇಂಟ್ ಮೇರೀಸ್ ದ್ವೀಪದ ಲಾವಾ ಕಂಬಗಳನ್ನು ಮುಟ್ಟಿ ನೋಡದೆ ಪುಸ್ತಕ ಓದಿ ಏನು ಪ್ರಯೋಜನ? ಬಸ್ಸಿನ ಬಾಡಿಗೆ, ಉಳಿಯುವ ಖರ್ಚು, ಸುತ್ತಿಗೆ, ದಿಕ್ಸೂಚಿ. ಬಡ ಮನೆಯ ಮಕ್ಕಳು ಈ ಪ್ರವಾಸದ ದುಡ್ಡಿಗೇ ಹಿಂಜರಿಯುತ್ತಾರೆ. ಪೆನ್‌ರೋಸ್ ಅವರ ದತ್ತಿ ಬಂದ ಮೇಲೆ ಅಮೆರಿಕದ ಸಂಘ ವಿದ್ಯಾರ್ಥಿಗಳ ಸಂಶೋಧನೆಗೆ ಕೊಡುವ ಸಣ್ಣ ಸಣ್ಣ ನೆರವು ಇವತ್ತಿಗೂ ನಡೆಯುತ್ತಿದೆ. ಬೆಂಗಳೂರಿನಲ್ಲೂ 1958ರಿಂದ ಜಿಯಲಾಜಿಕಲ್ ಸೊಸೈಟಿ ಆಫ್ ಇಂಡಿಯಾ ಇದೆ. ಬಿ.ಪಿ. ರಾಧಾಕೃಷ್ಣ ಅವರಂಥವರು ದಶಕಗಳ ಕಾಲ ತಮ್ಮ ಸಮಯವನ್ನೇ ಅದಕ್ಕೆ ದಾನ ಮಾಡಿದರು. ಅದರ ಪತ್ರಿಕೆಯಲ್ಲಿ ನಮ್ಮ ನಾಡಿನ ಕಲ್ಲುಗಳ ಬಗ್ಗೆ ಇರುವಷ್ಟು ತಿಳಿವಳಿಕೆ ಬೇರೆಲ್ಲೂ ಒಟ್ಟಿಗೆ ಸಿಗುವುದು ಕಷ್ಟ.

ನೀರಿನ ವಿಷಯದಲ್ಲಿ ಬೆಂಗಳೂರಿನದೇ ಒಂದು ಉದಾಹರಣೆ ಕಣ್ಣೆದುರು ಇದೆ. ರೋಹಿಣಿ ನಿಲೇಕಣಿ 2001ರಲ್ಲಿ ಅರ್ಘ್ಯಂ ಸಂಸ್ಥೆ ಕಟ್ಟಿದರು. 2005ರಲ್ಲಿ ಅದಕ್ಕೆ ತಮ್ಮ ಸ್ವಂತ ಹಣದಿಂದ 100 ಕೋಟಿ ರೂಪಾಯಿ ದತ್ತಿ ಇಟ್ಟರು. ನಮ್ಮ ರಾಜ್ಯದ ಹೆಚ್ಚಿನ ಭಾಗ ಗಟ್ಟಿ ಕಲ್ಲಿನ ನೆಲ. ನೀರು ನಿಲ್ಲುವುದು ಮೇಲಿನ ಸಡಿಲ ಪದರದಲ್ಲಿ ಮತ್ತು ಕಲ್ಲಿನ ಬಿರುಕುಗಳಲ್ಲಿ ಮಾತ್ರ. ಪಕ್ಕದ ಹೊಲದಲ್ಲಿ ನೀರು ಬಂದ ಮಾತ್ರಕ್ಕೆ ನಮ್ಮ ಬೋರ್‌ವೆಲ್‌ನಲ್ಲಿ ಬರುತ್ತದೆ ಎಂದಿಲ್ಲ. ಇದನ್ನು ಊರಿನವರೇ ತಿಳಿದು, ಬಾವಿಯ ನೀರಿನ ಮಟ್ಟವನ್ನು ಅವರೇ ಅಳೆದು, ಯಾವ ಬೆಳೆಗೆ ಎಷ್ಟು ನೀರು ಎಂದು ಲೆಕ್ಕ ಹಾಕಬೇಕು ಎಂಬ ದಾರಿಯಲ್ಲಿ ಇಂಥ ಸಂಸ್ಥೆಗಳು ದುಡಿದವು. 2019ರ ಕೊನೆಯಲ್ಲಿ ಕರ್ನಾಟಕವೂ ಸೇರಿ ಏಳು ರಾಜ್ಯಗಳಲ್ಲಿ ಶುರುವಾದ ಅಟಲ್ ಭೂಜಲ ಯೋಜನೆಯಲ್ಲೂ ಊರಿನವರೇ ನೀರಿನ ಲೆಕ್ಕ ಬರೆಯುವುದು ಒಂದು ಮುಖ್ಯ ಭಾಗವಾಗಿತ್ತು.

ಅದಕ್ಕೆ ಬೇಕಾದ ಸಾಮಾನು ಬಹಳ ಕಡಿಮೆ. ಒಂದು ಅಳತೆ ಟೇಪು, ಒಂದು ಮಳೆಮಾಪಕ, ಒಂದು ನೋಟ್‌ಪುಸ್ತಕ, ವಾರಕ್ಕೊಮ್ಮೆ ಬಾವಿಗಳ ಹತ್ತಿರ ಹೋಗಿಬರುವ ಒಬ್ಬ ಹುಡುಗ ಅಥವಾ ಹುಡುಗಿಗೆ ಒಂದಿಷ್ಟು ಗೌರವಧನ. ಯೋಜನೆ ಮುಗಿದು, ಕಚೇರಿಯವರು ಬೇರೆ ಜಿಲ್ಲೆಗೆ ಹೋದ ಮೇಲೆ ಆ ಪುಸ್ತಕದ ಮುಂದಿನ ವಾರದ ಸಾಲನ್ನು ಯಾರು ತುಂಬುತ್ತಾರೆ? ಹಣ ಕೊಡಲು ಮನಸ್ಸಿರುವವರು ಸಂಸ್ಥೆಯ ಬಾಗಿಲಲ್ಲಿ ಮೊದಲು ಕೇಳಬೇಕಾದ ಪ್ರಶ್ನೆ ಇದು.